ಅಪ್ಪನ ನೆನಪಿನ ಪುಸ್ತಿಕೆ: ಕುಡಿತ, ಕೈಸಾಲ, ಮುನಿಸು ಬರೆಯುವುದಾದರೆ ಹೇಗೆ?

ನೀರ್ಚಾಲಿನವ:

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಕಡೆಯ ಒಂದು ಮನೆಯವರ ನೆನಪಿನ ಪುಸ್ತಿಕೆಯ ಕೆಲಸ ಒಪ್ಪಿಕೊಂಡಾಗಿದೆ. ತೀರಿಹೋದವರು 76 ವರ್ಷದ ಅಡಿಕೆ ಕೃಷಿಕರು. ಮನೆಮಾತು ತುಳು, ಓದುಬರಹ ಕನ್ನಡ. ತಾಳಮದ್ದಳೆಯಲ್ಲಿ (ವೇಷವಿಲ್ಲದೆ ಕೂತು ನಡೆಸುವ ಯಕ್ಷಗಾನ) ಅರ್ಥ ಹೇಳುತ್ತಿದ್ದರು. ಊರಲ್ಲಿ ಯಾರ ಮನೆಯಲ್ಲಿ ಸಾವಾದರೂ ಸೌದೆ ಒಟ್ಟುವುದರಿಂದ ಹಿಡಿದು ಬೊಜ್ಜದ (ಉತ್ತರಕ್ರಿಯೆಯ) ಅಡಿಗೆಯವರೆಗೆ ನಿಲ್ಲುತ್ತಿದ್ದರು. ಮಕ್ಕಳಿಗೆ ಅವರೆಂದರೆ ಪ್ರಾಣ. ಕುಡಿತ ಇತ್ತು, ಊರಲ್ಲಿ ಕೈಸಾಲ ಇತ್ತು. ಹಿರಿಮಗನೊಡನೆ 2012ರ ದೀಪಾವಳಿಯಿಂದ ಕೊನೆಯವರೆಗೂ ಮಾತಿರಲಿಲ್ಲ.

ಬೊಜ್ಜದ ದಿನ ನುಡಿನಮನದಲ್ಲಿ ಏಳು ಮಂದಿ ಮಾತಾಡಿದರು. "ಅಜಾತಶತ್ರು", "ತುಂಬು ಜೀವನ", "ಮೇರು ವ್ಯಕ್ತಿತ್ವ". ಮನೆಯವರಿಗೆ ಅದು ಬೇರೆ ಯಾರದ್ದೋ ಬೊಜ್ಜದ ಹಾಗೆ ಕೇಳಿಸಿತಂತೆ. ವರ್ಷಾಂತಿಕಕ್ಕೆ ಇನ್ನು ಮೂರು ತಿಂಗಳಿದೆ. 48 ಪುಟ, 300 ಪ್ರತಿ. ಇದ್ದದ್ದನ್ನು ಬರೆಯಬೇಕೆಂದು ಮಗಳು, ಬೇಡವೆಂದು ಕಿರಿಮಗ. ಹಿರಿಮಗನನ್ನು ಇನ್ನೂ ಕೇಳಿಲ್ಲ. ತಿಳಿದವರು ಕ್ರಮ ಹೇಳಿ.

ಮುಳ್ಳೇರಿಯ ಟೀಚರ್:

ಏಳು ಮಂದಿ ಮಾತಾಡಿಯೂ ಮನುಷ್ಯ ಸಿಗಲಿಲ್ಲವೆಂದರೆ ಅದು ಹೊಗಳಿದ್ದರ ತಪ್ಪಲ್ಲ, ಗುಣವಾಚಕಗಳ ತಪ್ಪು. "ಸ್ನೇಹಜೀವಿ", "ಕೊಡುಗೈ", "ಮುಂಗೋಪಿ" ಇವು ಯಾರಿಗೆ ಹಾಕಿದರೂ ಹೊಂದುತ್ತವೆ. ಕರಡಿನಲ್ಲಿ ಇಂಥ ಪದ ಬಂದಲ್ಲೆಲ್ಲ ಕೆಂಪು ಗೆರೆ ಎಳೆಯಿರಿ. ಆ ಜಾಗದಲ್ಲಿ ಒಂದು ಕೆಲಸ ಬರೆಯಿರಿ: ಯಾವ ಹೊತ್ತು, ಕೈಯಲ್ಲಿ ಏನಿತ್ತು, ಎದುರಿಗೆ ಯಾರಿದ್ದರು. ಅಂಥ ಕೆಲಸ ಒಂದೂ ಸಿಗದಿದ್ದರೆ ಪದವನ್ನೇ ಹೊಡೆದುಹಾಕಿ. ಒಳ್ಳೆಯ ಗುಣಕ್ಕೂ ಇದೇ ನಿಯಮ.

ದೋಷವಾದರೆ ಇನ್ನೆರಡು ಸಂಗತಿ ಸೇರಬೇಕು. ಅದಕ್ಕೆ ತೆತ್ತ ಬೆಲೆ ಏನು, ತೆತ್ತವರು ಯಾರು. "ಕುಡಿತ ಇತ್ತು" ಎಂದರೆ ಊರಿಗೆ ಗೊತ್ತಿದ್ದದ್ದನ್ನೇ ಊರಿಗೆ ಹೇಳಿದ ಹಾಗಾಯಿತು. ಮಾದರಿಗೆ ಹೀಗೊಂದು:

"ಅಡಿಕೆ ಮಾರಿದ ಶನಿವಾರ ಅಪ್ಪ ಗಡಂಗಿನ (ಸಾರಾಯಿ ಅಂಗಡಿಯ) ಹತ್ತಿರ ಬಸ್ಸಿಳಿಯುತ್ತಿದ್ದರು. ಮನೆ ಮುಟ್ಟುವಾಗ ರಾತ್ರಿ ಹತ್ತು. ಅಮ್ಮ ಚಿಮಿಣಿ ದೀಪ ಹಿಡಿದು ತೋಡಿನ ಸಂಕದ ವರೆಗೆ ಬಂದು ನಿಂತಿರುತ್ತಿದ್ದರು. ಬೈರಾಸಿನ (ಹೆಗಲ ವಸ್ತ್ರದ) ಒಂದು ತುದಿಯಲ್ಲಿ ಉಳಿದ ದುಡ್ಡು, ಇನ್ನೊಂದು ತುದಿಯಲ್ಲಿ ಮಕ್ಕಳಿಗೆ ಗೋಳಿಬಜೆ. ಗೋಳಿಬಜೆ ಯಾವಾಗಲೂ ತಣಿದಿರುತ್ತಿತ್ತು."

ಇಲ್ಲಿ ಬೈಗುಳ ಇಲ್ಲ, ಕ್ಷಮೆಯೂ ಇಲ್ಲ. ದುಡ್ಡು ಎಷ್ಟು ಕರಗಿತು, ಕತ್ತಲೆಯಲ್ಲಿ ನಿಂತದ್ದು ಯಾರು, ಆ ಹೊತ್ತಿನಲ್ಲೂ ಮಕ್ಕಳು ಮರೆತುಹೋಗಿರಲಿಲ್ಲ ಎಂಬ ಮೂರೂ ಐದು ವಾಕ್ಯದಲ್ಲಿ ಬಂತು.

ಇನ್ನು "ಆದರೆ" ಎಂಬ ಪದ. ನೆನಪಿನ ಬರಹವನ್ನು ಇದರಷ್ಟು ಕೆಡಿಸುವುದು ಇನ್ನೊಂದಿಲ್ಲ. "ಕುಡಿಯುತ್ತಿದ್ದರು, ಆದರೆ ಮಕ್ಕಳ ಮೇಲೆ ಪ್ರೀತಿಯಿತ್ತು" ಎಂದರೆ ಕುಡಿತ ಮಾಫಿ ಆಯಿತು. ತಿರುಗಿಸಿ "ಪ್ರೀತಿಯಿತ್ತು, ಆದರೆ ಕುಡಿಯುತ್ತಿದ್ದರು" ಎಂದರೆ ಪ್ರೀತಿ ಸುಳ್ಳಾಯಿತು. ಎರಡೂ ನಿಜವಾಗಿದ್ದ ಮನುಷ್ಯನಿಗೆ ಈ ಪದ ನ್ಯಾಯ ಮಾಡುವುದಿಲ್ಲ. ಕರಡಿನಲ್ಲಿರುವ ಎಲ್ಲ "ಆದರೆ", "ಆದರೂ", "ಏನೇ ಇರಲಿ" ಹುಡುಕಿ ತೆಗೆಯಿರಿ. ಅಲ್ಲೊಂದು ಪೂರ್ಣವಿರಾಮ ಹಾಕಿ ಎರಡೂ ವಾಕ್ಯವನ್ನು ಪಕ್ಕಪಕ್ಕ ಇಡಿ.

ದೋಷಗಳಿಗೆಂದು ಬೇರೆ ಅಧ್ಯಾಯ ಮಾಡಬೇಡಿ. ಅದು ಆರೋಪಪಟ್ಟಿ ಆಗುತ್ತದೆ, ಸಿಕ್ಕಿದವರು ಅದೊಂದನ್ನೇ ಓದುತ್ತಾರೆ. ನಡೆದ ಕಾಲದಲ್ಲಿ, ನಡೆದ ಜಾಗದಲ್ಲೇ ಬರಲಿ.

ಬಾಯಾರಿನವ:

ಟೀಚರ್ ಹೇಳಿದ್ದು ಬರವಣಿಗೆಯ ಮಟ್ಟಿಗೆ ಸರಿ. ಒಂದು ವಿರೋಧ ಇದೆ. ಹೋದವರಿಗೆ ಉತ್ತರ ಕೊಡಲಿಕ್ಕೆ ಬಾಯಿಲ್ಲ. ಕುಡಿದದ್ದಕ್ಕೆ ಅವರದ್ದೂ ಒಂದು ಕಾರಣ ಇದ್ದೀತು, ಅದನ್ನು ಹೇಳುವವರು ಯಾರು? 300 ಪ್ರತಿ ಎಂದರೆ 300 ಚಾವಡಿ. ನಾಳೆ ಮೊಮ್ಮಗಳ ಮದುವೆ ಮಾತುಕತೆಗೆ ಬಂದವರ ಕೈಯಲ್ಲೂ ಅದು ಇರುತ್ತದೆ. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ, ಅಚ್ಚಾದದ್ದು ಹೋಗುವುದಿಲ್ಲ.

ಅಡೂರಿನ ಅಕ್ಕ:

ಬಾಯಾರಿನ ಅಣ್ಣ, ನಿಮ್ಮ ಹೆದರಿಕೆ ಅರ್ಥವಾಗುತ್ತದೆ. ನಮ್ಮ ಕಡೆಯ ಒಂದು ಕ್ರಮ ನೆನಪು ಮಾಡಿಕೊಳ್ಳಿ. ತುಳುವಿನ ಆಟಿ ತಿಂಗಳಲ್ಲಿ, ತೀರಿಹೋದವರಿಗೆ ಬಡಿಸುವಾಗ ಎಲೆಯಲ್ಲಿ ಏನೇನು ಇಡುತ್ತಾರೆ? ಅವರಿಗೆ ಇಷ್ಟವಾದದ್ದು. ಕೋಳಿ ಪ್ರೀತಿಯವರಿಗೆ ಕೋಳಿ, ಕಳ್ಳು ಕುಡಿಯುತ್ತಿದ್ದವರಿಗೆ ಕಳ್ಳು, ಬೀಡಿ ಎಳೆಯುತ್ತಿದ್ದವರಿಗೆ ಬೀಡಿ. ಬಡಿಸಿ ಬಾಗಿಲು ಎಳೆದುಕೊಂಡು ಹೊರಗೆ ನಿಲ್ಲುತ್ತಾರೆ. ಅಗೆಲು ಎನ್ನುವ ಈ ಎಡೆಯ ಎಲೆಯ ಮುಂದೆ ಯಾರೂ ಅವರನ್ನು ಸಾಧು ಮಾಡುವುದಿಲ್ಲ, ಕುಡುಕ ಎಂದು ಹೀಯಾಳಿಸುವುದೂ ಇಲ್ಲ. ಇದ್ದವರು ಇದ್ದ ಹಾಗೆಯೇ ಬಂದು ಉಣ್ಣಲಿ ಎಂಬುದಷ್ಟೆ. ಪುಸ್ತಿಕೆಯೂ ಆ ಎಲೆಯ ಹಾಗೆ ಆದರೆ ಸಾಕು.

ಯಾವುದನ್ನು ಅಚ್ಚು ಮಾಡಬಹುದು ಎಂಬುದಕ್ಕೆ ಒಂದು ಅಳತೆ ಇದೆ. ಆ ತಪ್ಪಿನ ಪೆಟ್ಟು ತಿಂದವರು ಯಾರೋ, ಮಾತು ಅವರದ್ದು. ಕುಡಿತದ ಭಾರ ಹೊತ್ತವರು ಅಮ್ಮನಾದರೆ ಬರೆಯಬಹುದೇ ಬೇಡವೇ ಎನ್ನುವವರು ಅಮ್ಮ, ಮಗಳಲ್ಲ. ಮುನಿಸಿನ ಮಾತು ಹಿರಿಮಗನದ್ದು, ಕಿರಿಯವನದ್ದಲ್ಲ. ಅವರು ಬೇಡವೆಂದರೆ ಅಲ್ಲಿಗೆ ಮುಗಿಯಿತು.

ಅಮ್ಮನನ್ನು ಕೇಳುವ ಕ್ರಮವೂ ಇದೆ. ಮಕ್ಕಳೆಲ್ಲ ಸುತ್ತ ಕೂತು ಕೇಳಿದರೆ "ಅವರು ದೇವರಂಥವರು" ಎಂಬ ಒಂದೇ ಉತ್ತರ ಬರುತ್ತದೆ. ಒಬ್ಬರೇ ಹೋಗಿ, ಮಧ್ಯಾಹ್ನ ಊಟದ ನಂತರ, ಕೈಗೆ ಏನಾದರೂ ಕೆಲಸ ಇರುವಾಗ. ಹಲಸಿನ ಬೇಳೆ ಸುಲಿಯುವಾಗ ಬರುವ ಮಾತು ಕುರ್ಚಿಯಲ್ಲಿ ಕೂರಿಸಿದರೆ ಬರುವುದಿಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡುವುದಾದರೆ ಹೇಳಿಯೇ ಮಾಡಿ. "ಅಪ್ಪ ಹೇಗಿದ್ದರು" ಎಂದು ಕೇಳಬೇಡಿ. "ಪೇಟೆಯಿಂದ ಬಂದವರು ಮೊದಲು ಎಲ್ಲಿ ಕೂರುತ್ತಿದ್ದರು?", "ಸಿಟ್ಟು ಬಂದಾಗ ಮನೆಯಲ್ಲಿ ಯಾರ ಕೆಲಸ ನಿಲ್ಲುತ್ತಿತ್ತು?", "ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳುವ ಬದಲು ಏನು ಮಾಡುತ್ತಿದ್ದರು?" ಹೀಗೆ. ಮೂರನೆಯ ಪ್ರಶ್ನೆಗೆ ಉತ್ತರವಿಲ್ಲದ ಮನೆ ಕಡಿಮೆ. ಸಾಮಾನ್ಯವಾಗಿ ಅದು ಊಟಕ್ಕೆ ಸಂಬಂಧಪಟ್ಟದ್ದೇ ಆಗಿರುತ್ತದೆ. ರಾತ್ರಿ ಹೊಡೆದ ಅಪ್ಪ ಬೆಳಿಗ್ಗೆ "ಉಣಸ್ ಮಲ್ತ್‌ದ್ ಪೋಲ" ಎಂದರೆ ಅದೇ ಕ್ಷಮಾಪಣೆ.

ಆ ಮಾತನ್ನು ತುಳುವಿನಲ್ಲೇ, ಕನ್ನಡ ಅಕ್ಷರದಲ್ಲಿ ಬರೆಯಿರಿ. "ಊಟ ಮಾಡಿ ಹೋಗು" ಎಂದು ಗ್ರಾಂಥಿಕ ಮಾಡಿದರೆ ಮಕ್ಕಳಿಗೆ ಅಪ್ಪನ ಸ್ವರ ಕೇಳಿಸುವುದಿಲ್ಲ. ಮೊಮ್ಮಕ್ಕಳಿಗೆ ಬೇಕಾದರೆ ಪುಟದ ಅಡಿಯಲ್ಲಿ ಅರ್ಥ ಕೊಡಿ.

ಬಾಯಾರಿನವ:

ಅಕ್ಕ, ಅಗೆಲಿನ ಮಾತಿಗೆ ಎದುರು ಹೇಳಲಿಕ್ಕಿಲ್ಲ. ಪೆಟ್ಟು ತಿಂದವರದ್ದೇ ಮಾತು ಎಂಬುದನ್ನೂ ಒಪ್ಪುತ್ತೇನೆ. ಕಾರಣದ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

ಕೋರ್ಟು ಗುಮಾಸ್ತ, ಕಾಸರಗೋಡು:

ಸಾಲದ ವಿಷಯ ಪುಸ್ತಿಕೆಗಿಂತ ಮೊದಲು ಮುಗಿಯಬೇಕು. ಬಾಕಿ ಇಟ್ಟುಕೊಂಡು "ನೇರ ನಡೆನುಡಿ" ಎಂದು ಅಚ್ಚು ಹಾಕಿಸಿದರೆ, ಸಾಲ ಕೊಟ್ಟವರ ಕೈಗೇ ಆ ಪುಸ್ತಕ ಹೋಗುತ್ತದೆ.

ಕಾನೂನು ಇಷ್ಟು: ಅಪ್ಪನ ಸಾಲ ಮಕ್ಕಳ ಸ್ವಂತ ತಲೆಯ ಮೇಲೆ ಬರುವುದಿಲ್ಲ, ಅಪ್ಪ ಬಿಟ್ಟುಹೋದ ಸೊತ್ತಿನಲ್ಲಿ ಅವರ ಪಾಲಿಗೆ ಬಂದಷ್ಟರ ಮಟ್ಟಿಗೆ ಮಾತ್ರ. ತಂದೆಯ ಸಾಲ ತೀರಿಸುವುದು ಮಗನ ಧರ್ಮ ಎಂಬ ಹಳೆಯ ಹಿಂದೂ ಕಾನೂನಿನ ಕಟ್ಟನ್ನು ಕೇರಳದಲ್ಲಿ ಅವಿಭಕ್ತ ಕುಟುಂಬ ಪದ್ಧತಿ ರದ್ದತಿ ಕಾಯಿದೆ (1975) ತೆಗೆದುಹಾಕಿತು; ಅದು 1976 ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಇದು ಕಾನೂನಿನ ಮಾತು. ಊರಿನಲ್ಲಿ ಮುಖ ಎತ್ತಿ ನಡೆಯುವ ಮಾತು ಬೇರೆ. ಹೆಚ್ಚಿನ ಮನೆಯವರು ಕೊಟ್ಟೇ ಮುಗಿಸುತ್ತಾರೆ.

ಕೊಡುವ ಕ್ರಮ: ಅಪ್ಪನ ಡೈರಿ, ಗೋಡೆಯ ಕ್ಯಾಲೆಂಡರ್, ಪಂಚಾಂಗದ ಅಂಚು, ಬ್ಯಾಂಕ್ ಪಾಸ್‌ಬುಕ್ ನಾಲ್ಕನ್ನೂ ಎದುರಿಗಿಟ್ಟು ಒಂದು ಪಟ್ಟಿ ಮಾಡಿ. ಹೆಸರು, ಮೊತ್ತ, ವರ್ಷ, ಕಾಗದ ಇದೆಯೇ, ಯಾರಿಗೆ ಗೊತ್ತು. ಪ್ರೋನೋಟು (ಸಾಲಪತ್ರ) ಇದ್ದರೆ ಹಣ ಕೊಡುವಾಗ ಮೂಲಪ್ರತಿಯ ಮೇಲೆ "ಚುಕ್ತಾ" ಎಂದು ಬರೆಸಿ, ಸಹಿ ಹಾಕಿಸಿ ವಾಪಸು ಪಡೆಯಿರಿ. ಕಾಗದ ಇಲ್ಲದಿದ್ದರೆ ಒಂದು ಬಿಳಿ ಹಾಳೆಯ ರಶೀದಿ. 5,000 ರೂಪಾಯಿ ಮೀರಿದರೆ ಒಂದು ರೂಪಾಯಿಯ ರೆವೆನ್ಯೂ ಸ್ಟಾಂಪು. ತಪ್ಪುವುದು ಎಲ್ಲಿ ಎಂದರೆ, ಮಕ್ಕಳಲ್ಲಿ ಒಬ್ಬರು ತಮ್ಮಷ್ಟಕ್ಕೆ ಕೊಟ್ಟು ಬರುತ್ತಾರೆ, ರಶೀದಿ ಇರುವುದಿಲ್ಲ, ಪಾಲಿನ ಹೊತ್ತಿಗೆ ಅದೇ ಜಗಳವಾಗುತ್ತದೆ. ಇಬ್ಬರು ಒಟ್ಟಿಗೆ ಹೋಗಿ. ಪುಸ್ತಿಕೆಯಲ್ಲಿ ಸಾಲ ಕೊಟ್ಟವರ ಹೆಸರು, ಮೊತ್ತ ಎರಡೂ ಬೇಡ.

ಇನ್ನೊಂದು ಎಚ್ಚರ. ಹೋದವರ ಮಾನಹಾನಿಯೂ ಅಪರಾಧವಾಗಬಹುದು. ಅವರು ಬದುಕಿದ್ದರೆ ಹೆಸರು ಕೆಡಿಸುವಂಥ ಮಾತಾಗಿದ್ದು, ಮನೆಯವರನ್ನು ನೋಯಿಸುವ ಉದ್ದೇಶವೂ ಇದ್ದರೆ, ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಅನ್ವಯವಾಗುತ್ತದೆ. ಮಕ್ಕಳು ಒಪ್ಪಿ ಬರೆದ ಪುಸ್ತಿಕೆಗೆ ಆ ಭಯ ಕಡಿಮೆ. ನಿಜವಾದ ಅಪಾಯ ಬದುಕಿರುವ ಮೂರನೆಯವರದ್ದು. "ಅಪ್ಪನಿಗೆ ಕುಡಿತ ಕಲಿಸಿದ್ದು ಇಂಥವರು", "ಜಾಗ ಮೋಸ ಮಾಡಿ ಬರೆಸಿಕೊಂಡದ್ದು ಇಂಥವರು" ಇವು ಅಚ್ಚಿಗೆ ಹೋಗಲೇಬಾರದು, ಹೆಸರು ಬಿಟ್ಟು ಗುರುತು ಕೊಟ್ಟರೂ ಬೇಡ.

ಮರಣಪತ್ರದ ಹೆಸರನ್ನು ಒಮ್ಮೆ ನೋಡಿಬಿಡಿ. ನಮ್ಮಲ್ಲಿ ಶಾಲೆಯ ದಾಖಲೆ ಕನ್ನಡದಲ್ಲಿ, ರೇಷನ್ ಕಾರ್ಡ್ ಮಲಯಾಳದಲ್ಲಿ, ಆಧಾರ್ ಇಂಗ್ಲಿಷಿನಲ್ಲಿ. ಒಂದೇ ಮನುಷ್ಯನಿಗೆ ಮೂರು ಕಾಗುಣಿತ. ಪುಸ್ತಿಕೆಗೆ ಅವರು ತಾವೇ ಸಹಿ ಹಾಕುತ್ತಿದ್ದ ರೂಪ ತೆಗೆದುಕೊಳ್ಳಿ.

ಪೆರ್ಲದ ಟೇಪು:

ಅರ್ಥಧಾರಿ ಎಂದಿರಿ, ಹಾಗಾದರೆ ಎಲ್ಲಾದರೂ ಕ್ಯಾಸೆಟ್ ಇದ್ದೇ ಇರುತ್ತದೆ. ಸಿಕ್ಕಿದ ಕೂಡಲೇ ಪ್ಲೇಯರಿಗೆ ಹಾಕಬೇಡಿ. ನಮ್ಮ ಮಳೆಗಾಲಕ್ಕೆ ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಕೂತಿರುತ್ತದೆ, ಅದು ಹೆಡ್ಡಿಗೆ ಹತ್ತಿ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಕಿಟಕಿಯಂಥ ತೂತಿನಲ್ಲಿ ಟಾರ್ಚು ಬಿಟ್ಟು ನೋಡಿ. ಬೂಷ್ಟು ಇದ್ದರೆ ಬೇರೆ ಇಡಿ, ಅದನ್ನು ಕೈ ಪಳಗಿದವರೇ ಬಿಚ್ಚಬೇಕು. ಇಲ್ಲದಿದ್ದರೆ ಮೊದಲು ಹಿಂದಿನ ಅಂಚಿನ ಎರಡು ಪ್ಲಾಸ್ಟಿಕ್ ಕಿವಿ ಮುರಿಯಿರಿ, ಅಕಸ್ಮಾತ್ ರೆಕಾರ್ಡ್ ಗುಂಡಿ ಒತ್ತಿದರೂ ಅಳಿಯುವುದಿಲ್ಲ. ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸುತ್ತಿ. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಲ್ಲಿ ಒರೆಸಿ. ಪ್ಲೇಯರಿನ ಲೈನ್ ಔಟಿನಿಂದ ಕಂಪ್ಯೂಟರಿಗೆ ವೈರು ಎಳೆದು ವೇವ್ ಫೈಲಾಗಿ ಉಳಿಸಿ. ಸ್ಪೀಕರಿನ ಎದುರು ಫೋನು ಹಿಡಿದು ರೆಕಾರ್ಡ್ ಮಾಡಿದರೆ ಫ್ಯಾನಿನ ಸದ್ದೇ ಹೆಚ್ಚು ಸಿಗುತ್ತದೆ. 60 ನಿಮಿಷದ ಕ್ಯಾಸೆಟ್ಟಿಗೆ 60 ನಿಮಿಷವೇ ಬೇಕು, ಅಡ್ಡದಾರಿ ಇಲ್ಲ.

ಕ್ಯಾಸೆಟ್ಟಿಗಿಂತ ತುರ್ತು ಅಪ್ಪನ ಫೋನಿನದ್ದು. ಬಳಕೆಯಿಲ್ಲದೆ 120 ದಿನ ಕಳೆದರೆ ವಾಟ್ಸಾಪ್ ಖಾತೆಯನ್ನು ಅಳಿಸುತ್ತದೆ. ಪ್ರೀಪೇಡ್ ಸಿಮ್ಮನ್ನು 90 ದಿನ ಮುಟ್ಟದಿದ್ದರೆ ನಂಬರು ಕೈತಪ್ಪುವ ದಾರಿಗೆ ಬೀಳುತ್ತದೆ. ನಿಮ್ಮದಕ್ಕೆ ಒಂಬತ್ತು ತಿಂಗಳಾಗಿದೆ, ಇವತ್ತೇ ನೋಡಿ. ನಂಬರು ಹೋದರೂ ಫೋನಿನೊಳಗಿನ ಫೈಲುಗಳು ಉಳಿದಿರುತ್ತವೆ: ಫೈಲ್ಸ್ ತೆರೆದು ಆಂಡ್ರಾಯ್ಡ್, ಮೀಡಿಯಾ, ವಾಟ್ಸಾಪ್ ಎಂದು ಒಳಗೆ ಹೋದರೆ ವಾಯ್ಸ್ ನೋಟ್ಸ್ ಎಂಬ ಫೋಲ್ಡರಿನಲ್ಲಿ ವಾರಕ್ಕೊಂದರಂತೆ ಕಟ್ಟುಗಳಿವೆ. ಇಡೀ ಫೋಲ್ಡರನ್ನೇ ನಕಲು ಮಾಡಿ. ಮಕ್ಕಳ ಫೋನುಗಳಲ್ಲಿ ಅವರು ಕಳಿಸಿದ್ದೂ ಇರುತ್ತದೆ. "ಔಷಧ ತಕೊಂಡಿಯಾ" ಎಂಬ ಎಂಟು ಸೆಕೆಂಡಿನ ಮಾತು ಮುಂದೆ ಯಾವ ಅರ್ಥಗಾರಿಕೆಗಿಂತಲೂ ದೊಡ್ಡದಾಗುತ್ತದೆ.

ಫೋನು ಮಾತ್ರ ಫ್ಯಾಕ್ಟರಿ ರೀಸೆಟ್ ಮಾಡಿ ಮೊಮ್ಮಗನಿಗೆ ಆಟಕ್ಕೆ ಕೊಡಬೇಡಿ. ಇದನ್ನು ಎಲ್ಲ ಮನೆಯಲ್ಲೂ ಮಾಡುತ್ತಾರೆ.

ವರ್ಕಾಡಿಯ ಓದುಗ:

ಕಾರಣದ ಪ್ರಶ್ನೆ ಎತ್ತಿದ ಬಾಯಾರಿನವರಿಗೆ. ಕಾರಣ ಬರೆಯಬಹುದು, ಕಾಲಕ್ಕೆ ಕಟ್ಟಿ ಬರೆಯಬೇಕು. ಮನೆಯ ಘಟನೆಗೆ ಇಸವಿ ನೆನಪಿರುವುದಿಲ್ಲ, ಊರಿನ ಘಟನೆಗೆ ಇರುತ್ತದೆ. 1956 ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಆ ಹೊತ್ತಿಗೆ ಇವರು ಶಾಲೆ ಮೆಟ್ಟಿಲಿನಲ್ಲಿದ್ದ ಹುಡುಗ. 1970 ಜನವರಿ 1ಕ್ಕೆ ಭೂಸುಧಾರಣೆ ಪೂರ್ತಿ ಜಾರಿ. ಮನೆ ಜಾಗ ಬಂದದ್ದೋ ಹೋದದ್ದೋ ಕೇಳಿ. 1984 ಮೇ 24ಕ್ಕೆ ಜಿಲ್ಲೆ ಆಯಿತು. 2000ದ ನಂತರದ ಒಂದೆರಡು ವರ್ಷ ಅಡಿಕೆ ಬೆಲೆ ನೆಲಕಚ್ಚಿತ್ತು. ಈ ಕಡೆಯ ಬಹಳಷ್ಟು ಕೈಸಾಲ ಹುಟ್ಟಿದ್ದು ಆಗ.

ಕುಡಿತಕ್ಕೂ ಇಸವಿ ಸಿಗುತ್ತದೆ. ಕೇರಳದಲ್ಲಿ ಸಾರಾಯಿ ನಿಷೇಧ 1996 ಏಪ್ರಿಲ್ 1ರಿಂದ, ಕರ್ನಾಟಕದಲ್ಲಿ 2007ರ ಜುಲೈಯಿಂದ. ಆ ಹನ್ನೊಂದು ವರ್ಷ ಗಡಿಯ ಈಚೆ ಇಲ್ಲ, ಆಚೆ ಇದೆ. "ಸಾರಾಯಿಗೆ ಗಡಿ ದಾಟುತ್ತಿದ್ದರು" ಎಂದು ಯಾರಾದರೂ ಹೇಳಿದರೆ ಅದು ಈ ಅವಧಿಯದ್ದು. ಅದಕ್ಕಿಂತ ಹಿಂದಿನದನ್ನೂ ಇದನ್ನೂ ಒಂದೇ ರಾಶಿ ಮಾಡಬೇಡಿ. ಬೆಲೆ ಕುಸಿದ ವರ್ಷ, ಸಾಲ ಎತ್ತಿದ ವರ್ಷ, ರಾತ್ರಿ ತಡವಾಗಿ ಬರಲು ಶುರುವಾದ ವರ್ಷ ಒಂದೇ ಸಾಲಿನಲ್ಲಿ ಬಂದರೆ ಓದುಗನಿಗೆ ಕಾಣುತ್ತದೆ. ಕಾಣಿಸಿದ ಮೇಲೆ "ಆದ ಕಾರಣ ತಪ್ಪಿಲ್ಲ" ಎಂದು ತೀರ್ಪು ಕೊಡಬೇಡಿ. ಅದೇ ಬೆಲೆ ಕುಸಿತದಲ್ಲಿ ಕುಡಿಯದೆ ಉಳಿದ ಅಪ್ಪಂದಿರೂ ಇದ್ದರು.

ಇಲ್ಲಿ ಓದುತ್ತಿರುವ ಬೇರೆಯವರಿಗೂ ಒಂದು ಮಾತು. 2020ರ ಮಾರ್ಚಿನಲ್ಲಿ ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ತೀರಿಹೋದವರ ಮನೆಗಳಲ್ಲಿ ನುಡಿನಮನವೇ ಆಗಿಲ್ಲ. ಬೊಜ್ಜಕ್ಕೆ ಇಪ್ಪತ್ತು ಮಂದಿಯೂ ಸೇರುವ ಹಾಗಿರಲಿಲ್ಲ. ಅಂಥವರಿಗೆ ಪುಸ್ತಿಕೆ ಈಗ ಮಾಡಿದರೂ ತಡವಲ್ಲ.

ನೀರ್ಚಾಲಿನವ:

ಎಲ್ಲರಿಗೂ ಉಪಕಾರ. ಕೆಲಸ ಎಲ್ಲಿಯವರೆಗೆ ಬಂತೆಂದು ತಿಳಿಸಬೇಕು. ಸಾಲದ ಪಟ್ಟಿಯಲ್ಲಿ ಆರು ಹೆಸರು ಸಿಕ್ಕಿತು, ನಾಲ್ಕು ಚುಕ್ತಾ ಆಯಿತು. ಅಕ್ಕ ಹೇಳಿದ ಹಾಗೆ ಅಮ್ಮನನ್ನು ಒಬ್ಬರೇ ಇರುವಾಗ ಮಾತಾಡಿಸಿದ್ದಾಯಿತು. ಕುಡಿತ ಬರೆಯಬಹುದು, ಕೈ ಎತ್ತಿದ್ದು ಬೇಡ ಎಂದರು. ಹಾಗೆಯೇ ಮಾಡಿದೆ.

ಡೈರಿಗಳ ನಡುವೆ ಒಂದು ಪ್ಲಾಸ್ಟಿಕ್ ತೊಟ್ಟೆ ಸಿಕ್ಕಿದೆ. ಅದರಲ್ಲಿ ದೇವಸ್ಥಾನದ ಒಂಬತ್ತು ರಶೀದಿ. ಎಲ್ಲದರಲ್ಲೂ ಹಿರಿಮಗನ ಹೆಸರು, ಜನ್ಮನಕ್ಷತ್ರ. ಎಲ್ಲವೂ ತುಳುವಿನ ಬೇಶ ತಿಂಗಳಿನವು, ಅವನ ಹುಟ್ಟಿದ ತಿಂಗಳು. 2013ರಿಂದ 2023, ನಡುವೆ 2020 ಮತ್ತು 2021ರದ್ದು ಇಲ್ಲ. ಮಾತು ಬಿಟ್ಟ ಮೇಲಿನ ವರ್ಷಗಳು ಇವು. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅಮ್ಮನಿಗೂ. ಮೊದಲಿನ ಎರಡು ಕೈಬರಹದವು, ಉಳಿದವು ಮೆಷಿನಿನ ನುಣುಪು ಕಾಗದ, ಕೆಲವು ಮಾಸಿಹೋಗಿವೆ. ಕಿರಿಮಗ ಇದನ್ನೇ ಕೊನೆಯ ಪುಟದಲ್ಲಿ ಹಾಕಿ "ಅಪ್ಪನ ನಿಜವಾದ ಪ್ರೀತಿ" ಎಂದು ತಲೆಬರಹ ಕೊಡೋಣ ಎನ್ನುತ್ತಿದ್ದಾನೆ.

ಉಪ್ಪಳದ ಮುದ್ರಣದವ:

ಮೊದಲು ರಶೀದಿ ಉಳಿಸಿಕೊಳ್ಳಿ. ನುಣುಪು ಕಾಗದ ಎಂದರೆ ಥರ್ಮಲ್ ಪೇಪರ್, ಅದರಲ್ಲಿ ಶಾಯಿ ಇಲ್ಲ. ಬಿಸಿಗೆ ಕಪ್ಪಾಗುವ ಲೇಪ ಅಷ್ಟೆ. ಬೆಳಕಿಗೆ ಮಾಸುತ್ತದೆ, ಪ್ಲಾಸ್ಟಿಕ್ ತೊಟ್ಟೆಯ ಸಹವಾಸಕ್ಕೂ ಮಾಸುತ್ತದೆ. ಲ್ಯಾಮಿನೇಷನ್ ಮಾಡಿಸಿದರೆ ಯಂತ್ರದ ಬಿಸಿಗೆ ಇಡೀ ರಶೀದಿ ಕರ್ರಗಾಗಿ ಅಕ್ಷರವೇ ಹೋಗುತ್ತದೆ. ಗಮ್ ಟೇಪ್ ಅಂಟಿಸಬೇಡಿ. ಇವತ್ತೇ ಬಣ್ಣದಲ್ಲಿ 600 ಡಿಪಿಐಗೆ ಸ್ಕ್ಯಾನ್ ಮಾಡಿ. ಕಪ್ಪುಬಿಳುಪಿನಲ್ಲಿ ಮಾಡಿದರೆ ಮಾಸಿದ ಅಕ್ಷರ ಬಿಟ್ಟುಹೋಗುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಕಾಂಟ್ರಾಸ್ಟ್ ಏರಿಸಿದರೆ ಬಹುಪಾಲು ಓದಲಿಕ್ಕೆ ಬರುತ್ತದೆ. ಮೂಲವನ್ನು ಕಾಗದದ ಲಕೋಟೆಯಲ್ಲಿ, ಬೀರುವಿನ ಕತ್ತಲೆಯಲ್ಲಿಡಿ.

ಒಟ್ಟು ಪುಸ್ತಿಕೆಗೆ: ಡೆಮ್ಮಿ 1/8 ಗಾತ್ರ, ಒಳಗೆ 80 ಜಿಎಸ್ಎಂ (ಕಾಗದದ ತೂಕದ ಅಳತೆ) ಮ್ಯಾಪ್‌ಲಿಥೊ ಕಾಗದ, ರಕ್ಷಾಪುಟಕ್ಕೆ 250ರಿಂದ 300 ಜಿಎಸ್ಎಂ ಆರ್ಟ್ ಕಾರ್ಡ್. ನಡುವೆ ಪಿನ್ ಹೊಡೆಯುವುದಾದರೆ ಪುಟದ ಲೆಕ್ಕ ನಾಲ್ಕರ ಗುಣಕ ಇರಬೇಕು, 48 ಸರಿಯಾಗುತ್ತದೆ. 300 ಪ್ರತಿಗೆ ಆಫ್‌ಸೆಟ್ ಮತ್ತು ಡಿಜಿಟಲ್ ಎರಡರದ್ದೂ ದರ ಕೇಳಿ. ಫೋಟೊಗಳನ್ನು ವಾಟ್ಸಾಪಿನಲ್ಲಿ ಸುಮ್ಮನೆ ಕಳಿಸಿದರೆ ಸಣ್ಣದಾಗಿ ಬರುತ್ತದೆ. ಉದ್ದ 1,600 ಪಿಕ್ಸೆಲ್ ಇದ್ದರೆ 300 ಡಿಪಿಐಗೆ ಐದು ಇಂಚು ಮಾತ್ರ. ಡಾಕ್ಯುಮೆಂಟ್ ಆಗಿ ಕಳಿಸಿ. ಹಳೆಯ ಆಲ್ಬಮ್ಮಿನ ಅಂಟುಪುಟದಿಂದ ಫೋಟೊ ಎಳೆಯಬೇಡಿ, ಮೇಲಿನ ಪದರ ಕಿತ್ತು ಬರುತ್ತದೆ. ಪುಟದ ಸಮೇತ ಸ್ಕ್ಯಾನ್ ಮಾಡಿ.

ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡಿಗೆ ತಿರುಗಿಸುವಾಗ ಅರ್ಕಾವತ್ತು ಮತ್ತು ಒತ್ತಕ್ಷರ ಜಾಗ ತಪ್ಪುತ್ತವೆ. "ವರ್ಷ", "ಸ್ವರ್ಗಸ್ಥ", "ಅರ್ಥಧಾರಿ" ಈ ಮೂರನ್ನು ಹುಡುಕಿ ನೋಡಿದರೆ ಗೊತ್ತಾಗುತ್ತದೆ.

ಮುಳ್ಳೇರಿಯ ಟೀಚರ್:

ಕಿರಿಮಗನ ತಲೆಬರಹ ಖಂಡಿತ ಬೇಡ. ಅದು ಇಷ್ಟುದ್ದದ ಒಂದು "ಆದರೆ". ಹನ್ನೊಂದು ವರ್ಷದ ಮೌನವನ್ನು ಒಂಬತ್ತು ರಶೀದಿಯಿಂದ ಅಳಿಸಿದ ಹಾಗಾಗುತ್ತದೆ. ಎದುರು ಬಂದರೂ ಮುಖ ತಿರುಗಿಸಿದ ಅಪ್ಪ, ದೇವಸ್ಥಾನದ ಕೌಂಟರಿನಲ್ಲಿ ನಿಂತು ಮಗನ ಹೆಸರು ನಕ್ಷತ್ರ ಹೇಳಿದ ಅಪ್ಪ, ಇಬ್ಬರೂ ಒಬ್ಬರೇ. ಮೊದಲಿನವರು ಸುಳ್ಳು, ಎರಡನೆಯವರು "ನಿಜವಾದ" ಎಂದು ಯಾರು ಹೇಳಬೇಕು? ಮಗನಿಗೆ ಸಿಕ್ಕಿದ್ದು ಮೊದಲಿನವರು ಮಾತ್ರ.

ಕೊನೆಯ ಪುಟದಲ್ಲೂ ಬೇಡ. ಕೊನೆಗೆ ಇಟ್ಟದ್ದು ತೀರ್ಪಾಗುತ್ತದೆ. 2012ರ ದೀಪಾವಳಿ ಎಲ್ಲಿ ಬರುತ್ತದೋ ಅದರ ಮುಂದಿನ ಪುಟಕ್ಕೆ ಹಾಕಿ, ಆಮೇಲೆ ಕಥೆ ಮುಂದುವರಿಯಲಿ.

ಅಡೂರಿನ ಅಕ್ಕ:

ಅದಕ್ಕೂ ಮೊದಲು ಆ ತೊಟ್ಟೆ ಹಿರಿಮಗನ ಕೈಗೆ ಹೋಗಲಿ. ವಾಟ್ಸಾಪಿನಲ್ಲಿ ಫೋಟೊ ಕಳಿಸಬೇಡಿ, ಮನೆಯ ಗುಂಪಿನಲ್ಲಂತೂ ಹಾಕಲೇಬೇಡಿ. ಮನುಷ್ಯ ಒಬ್ಬನೇ ಇರುವಾಗ ಮೂಲ ರಶೀದಿಯನ್ನೇ ಕೊಟ್ಟು ಬನ್ನಿ. ಅದೇ ದಿನ ಒಪ್ಪಿಗೆ ಕೇಳಬೇಡಿ. ಹತ್ತು ದಿನ ಕಳೆಯಲಿ. ಅವನು "ಈಗ ಯಾಕೆ ತೋರಿಸುತ್ತೀರಿ" ಎಂದು ಸಿಟ್ಟಾದರೆ ಅದು ನ್ಯಾಯವೇ. ಅಪ್ಪನಿಗೆ ಹನ್ನೊಂದು ವರ್ಷ ಸಮಯ ಇತ್ತು.

ವರ್ಕಾಡಿಯ ಓದುಗ:

ಇಲ್ಲದ ಎರಡು ವರ್ಷದ ಬಗ್ಗೆ. ಬೇಶ ಎಂದರೆ ಮೇ ಮಧ್ಯದಿಂದ ಜೂನ್ ಮಧ್ಯ. 2020ರಲ್ಲಿ ಜೂನ್ ಎರಡನೇ ವಾರದವರೆಗೆ ದೇವಸ್ಥಾನಗಳು ಭಕ್ತರಿಗೆ ತೆರೆದಿರಲಿಲ್ಲ. 2021ರಲ್ಲಿ ಮೇ 8ರಿಂದ ಕೇರಳದಲ್ಲಿ ಮತ್ತೆ ಲಾಕ್‌ಡೌನ್. ಎರಡೂ ವರ್ಷ ರಶೀದಿ ಬರೆಯುವ ಕೌಂಟರೇ ಮುಚ್ಚಿತ್ತು. ಹಾಗಾಗಿ ತಪ್ಪಿರಬೇಕು ಎಂದು ನಮಗೆ ಅನ್ನಿಸುತ್ತದೆ. ಪುಸ್ತಿಕೆಯಲ್ಲಿ ಮಾತ್ರ ಆ ಊಹೆ ಬರೆಯಬೇಡಿ. ಎರಡು ಇಸವಿ ಬರೆದು ಖಾಲಿ ಬಿಡಿ. ನಮ್ಮ ಊರಿನವರು ಓದಿದರೆ ಅವರಿಗೇ ಹೊಳೆಯುತ್ತದೆ.

ಬಾಯಾರಿನವ:

ಮೊದಲು ಬೇಡ ಎಂದವನು ನಾನೇ. ಈ ರಶೀದಿ ಹಾಕಿ. ಮೌನದ ವರ್ಷ ಬರೆಯದೆ ರಶೀದಿ ಮಾತ್ರ ಹಾಕಿದರೆ ಅದು ಯಾರಿಗೂ ಅರ್ಥವಾಗುವುದಿಲ್ಲ. ಅಲ್ಲಿಗೆ ನನ್ನ ವಾದ ಬಿದ್ದುಹೋಯಿತು.

ನೀರ್ಚಾಲಿನವ:

ಹದಿನಾಲ್ಕು ದಿನ ಕಳೆದು ಹಿರಿಮಗ ಒಪ್ಪಿದ್ದಾನೆ. ಎರಡು ಶರತ್ತು. ಜಗಳದ ಕಾರಣ ಬರೆಯಬಾರದು. ದೇವಸ್ಥಾನದ ಹೆಸರು ಕಾಣಬಾರದು. ಬರೆದದ್ದು ಇಷ್ಟು, ನೋಡಿ ಹೇಳಿ:

"2012ರ ದೀಪಾವಳಿಯ ನಂತರ ಅಪ್ಪ ಹಿರಿಯ ಮಗನೊಡನೆ ಮಾತಾಡಲಿಲ್ಲ. ಮದುವೆಮನೆಗಳಲ್ಲಿ ಎದುರಾದಾಗಲೂ ಮಾತಾಡಲಿಲ್ಲ. ಮಗ ಆಸ್ಪತ್ರೆಗೆ ಬಂದಾಗ ಗೋಡೆಯ ಕಡೆ ತಿರುಗಿ ಮಲಗಿದರು. 2013ರಿಂದ ಒಂಬತ್ತು ವರ್ಷ ಬೇಶ ತಿಂಗಳಲ್ಲಿ ಮಗನ ಹೆಸರು, ನಕ್ಷತ್ರ ಹೇಳಿ ಪೂಜೆ ಮಾಡಿಸಿದರು. ಅದನ್ನು ಯಾರಿಗೂ ಹೇಳಲಿಲ್ಲ."

ಮುಳ್ಳೇರಿಯ ಟೀಚರ್:

ಒಂದಕ್ಷರ ಮುಟ್ಟಬೇಡಿ.

ಉಪ್ಪಳದ ಮುದ್ರಣದವ:

48 ಪುಟದ ಪಿನ್ ಪುಸ್ತಕದಲ್ಲಿ 24 ಮತ್ತು 25 ಒಂದೇ ಹಾಳೆ, ನಟ್ಟನಡುವಿನದ್ದು. ಈ ಬರಹ 23ಕ್ಕೆ ಬರುವ ಹಾಗೆ ಹೊಂದಿಸಿ, ರಶೀದಿಗಳನ್ನು 24-25ಕ್ಕೆ ಹರಡಿ. ಮೂರು ಸಾಲು, ಸಾಲಿಗೆ ನಾಲ್ಕು. ಎಡಕ್ಕೆ ಎರಡು, ಬಲಕ್ಕೆ ಎರಡು, ಪಿನ್ ಬೀಳುವ ಮಡಿಕೆಯ ಮೇಲೆ ಯಾವುದೂ ಬೇಡ. ನಿಜಗಾತ್ರದ ಶೇಕಡಾ 60ಕ್ಕೆ ಇಳಿಸಿದರೆ ಕೂರುತ್ತದೆ. ಪ್ರತಿಯೊಂದರ ಕೆಳಗೆ ಇಸವಿ. 2020 ಮತ್ತು 2021ರ ಮನೆಗಳಲ್ಲಿ ಇಸವಿ ಮಾತ್ರ, ಮೇಲೆ ಬಿಳಿ. ಚೌಕಟ್ಟಿನ ಗೆರೆಯೂ ಬೇಡ. ಹನ್ನೆರಡನೆಯ ಮನೆ ಖಾಲಿ ಬಿಡಿ. ದೇವಸ್ಥಾನದ ಹೆಸರು ರಶೀದಿಯ ತಲೆಭಾಗದಲ್ಲಿ ಇರುತ್ತದೆ, ಅಷ್ಟನ್ನು ಕತ್ತರಿಸಿ. ಮೇಲೆ ಕಪ್ಪು ಬಳಿಯಬೇಡಿ, ಪೊಲೀಸ್ ಕಾಗದದ ಹಾಗೆ ಕಾಣುತ್ತದೆ. ಈ ಒಂದು ಹಾಳೆಗೆ ಮಾತ್ರ 130 ಜಿಎಸ್ಎಂ ಆರ್ಟ್ ಪೇಪರ್ ಹಾಕಿದರೆ ಮಾಸಿದ ಅಕ್ಷರವೂ ಎದ್ದು ಬರುತ್ತದೆ. ಹಾಳೆಯ ಹಿಂಬದಿಯಲ್ಲಿ 23 ಮತ್ತು 26 ಬೀಳುತ್ತವೆ, ಅವೂ ಅದೇ ಕಾಗದದಲ್ಲಿ ಬರುತ್ತವೆಂಬುದು ಲೆಕ್ಕದಲ್ಲಿರಲಿ.

ಪ್ಲೇಟಿಗೆ ಹೋಗುವ ಮೊದಲು ಆ ಹಾಳೆಯ ಪ್ರೂಫ್ ತೆಗೆದು ಹಿರಿಮಗನ ಕೈಗೆ ಕೊಡಿ. ಒಂಬತ್ತು ರಶೀದಿಯಲ್ಲಿ ಅವನ ಹೆಸರು ಬೇರೆಬೇರೆ ಕಾಗುಣಿತದಲ್ಲಿ ಇದ್ದೀತು, ಕೌಂಟರಿನವರು ಕೇಳಿಸಿಕೊಂಡ ಹಾಗೆ ಬರೆಯುತ್ತಾರೆ. 23ನೇ ಪುಟಕ್ಕೆ ಯಾವುದು ಬೇಕೆಂದು ಅವನೇ ಗುರುತು ಹಾಕಲಿ.